ಬಳ್ಳಿ ಕಿತ್ತ ಜಾಗ

1/9

ಮೊದಲ ಫೋಟೋ ನೋಡಿ. ಹಳೇದು, 2019ರ ಡಿಸೆಂಬರ್‌ದು. ಬಿಳಿ ಮರಳು, ಅದರಾಚೆ ನೀಲಿ ಸಮುದ್ರ, ಎರಡು ತೆಂಗಿನ ಮರದ ನಡುವೆ ಕಟ್ಟಿದ ಹಗ್ಗದ ಜೋಲಿ. ನನ್ನ ಪೇಜಿನಲ್ಲಿ ಇವತ್ತಿಗೂ ಅತಿ ಹೆಚ್ಚು ಲೈಕ್ ಬಂದಿರೋದು ಇದಕ್ಕೇ. 'ಇದು ಎಲ್ಲಿ?' 'ಲೊಕೇಶನ್ ಹಾಕಿ ಪ್ಲೀಸ್' ಅಂತ ತುಂಬಾ ಜನ ಕೇಳಿದ್ರಿ.

ಈಗ ಸ್ವೈಪ್ ಮಾಡಿ. ಎರಡನೇದು ಅದೇ ಜಾಗ, ಮೊನ್ನೆ ತೆಗೆದದ್ದು. ಎಡಗಡೆಯ ತೆಂಗಿನ ಮರ ಇಲ್ಲ. ಅದು ನಿಂತಿದ್ದ ಕಡೆ ಸೊಂಟದೆತ್ತರಕ್ಕೆ ಮರಳು ಕುಸಿದು ಗೋಡೆ ಥರ ಆಗಿದೆ. ಜೋಲಿ ಕಟ್ಟೋಕೆ ಈಗ ಒಂದೇ ಮರ.

ಈ ಎರಡು ಫೋಟೋ ನಡುವೆ ಐದು ವರ್ಷ ಇದೆ. ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನ ಮನೆಯವರ ಮುಂದೆ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಈ ಸಲ ಕ್ರಿಸ್‌ಮಸ್ ರಜೆಗೆ ದೊಡ್ಡಮ್ಮನ ಮನೆಗೆ ಹೋದಾಗ ಹೇಳಿದೆ.

ಅದನ್ನೇ ಇಲ್ಲಿ ಒಂಬತ್ತು ಭಾಗದಲ್ಲಿ ಬರೀತಿದೀನಿ. ಹೂವು, ಹಿತ್ತಲು, ಊಟ, ಕಡಲು ಎಲ್ಲ ಇದೆ. ಆದ್ರೆ ಲೊಕೇಶನ್ ಮಾತ್ರ ಈ ಸಲವೂ ಹಾಕಲ್ಲ. ಯಾಕೆ ಅನ್ನೋದು ಕೊನೆಗೆ ಗೊತ್ತಾಗುತ್ತೆ.

2/9

ನಾವು ಹೋಗಿದ್ದು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ. ಬೆಂಗಳೂರಲ್ಲಿ ಸಂಜೆ ಹತ್ತಿದ್ರೆ ಬೆಳಿಗ್ಗೆ ಕರಾವಳಿ. ನಾನು, ಗಂಡ, ಒಂಬತ್ತು ವರ್ಷದ ಮಗಳು, ಜೊತೆಗೆ ಅಮ್ಮ. ದೊಡ್ಡಮ್ಮ ಅಂದ್ರೆ ಅಮ್ಮನ ಅಕ್ಕ. ಮನೆ ಇರೋದು ಹೊನ್ನಾವರ ಮತ್ತು ಕುಮಟಾದ ನಡುವಿನ ಒಂದು ಸಣ್ಣ ಊರಲ್ಲಿ.

ಅಮ್ಮಂಗೆ ಒಂದು ಅಭ್ಯಾಸ ಇದೆ. ಹೊನ್ನಾವರ ಹತ್ತಿರ ಬರ್ತಿದ್ದ ಹಾಗೆ ಎಲ್ಲರನ್ನೂ ತಟ್ಟಿ ಎಬ್ಬಿಸ್ತಾಳೆ. ಶರಾವತಿ ಸೇತುವೆ ನಿದ್ದೇಲಿ ದಾಟಬಾರದು ಅಂತ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಅದು, ಎರಡು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ರೈಲು ಅದರ ಮೇಲೆ ಹೋಗುವಾಗ ಸದ್ದೇ ಬದಲಾಗುತ್ತೆ. ಕೆಳಗೆ ಮಂಜು, ಮಂಜಿನೊಳಗೆ ಒಂದೆರಡು ದೋಣಿ. ಮಗಳು ಕಿಟಕಿಗೆ ಮೂಗು ಒತ್ತಿ ಕೂತಿದ್ಲು. ಫೋಟೋ 3 ಅದೇ, ಗಾಜಿನ ಮೇಲೆ ಅವಳ ಉಸಿರಿನ ಗುರುತು.

ದಾರಿಯುದ್ದಕ್ಕೂ ಅಮ್ಮ ತುಳಸಿ ಗೌಡರ ವಿಷಯ ಮಾತಾಡ್ತಿದ್ಲು. ನಾವು ಹೊರಡೋ ಸ್ವಲ್ಪ ದಿನ ಮುಂಚೆ, ಡಿಸೆಂಬರ್ 16ಕ್ಕೆ, ಅವರು ತೀರಿಕೊಂಡಿದ್ರು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಹೆಣ್ಣುಮಗಳು. ಓದು ಬರಹ ಗೊತ್ತಿರಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಬೀಜ ಆರಿಸಿ, ಸಸಿ ಬೆಳೆಸಿದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಯಾವ ತಾಯಿಮರದ್ದು ಗಟ್ಟಿ ಅನ್ನೋದು ಅವರಿಗೆ ತಿಳಿದಿತ್ತು. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡ ಫೋಟೋ ನೀವೆಲ್ಲ ನೋಡಿರ್ತೀರಿ. ನಾನೂ ಸ್ಟೋರಿಗೆ ಹಾಕಿದ್ದೆ, ಕೈ ಮುಗಿಯೋ ಇಮೋಜಿ ಜೊತೆ.

ಅದನ್ನ ಹಾಕುವಾಗ ನನಗೆ ಒಂದು ಕ್ಷಣ ಬೆರಳು ತಡೆದಿತ್ತು. ಅದೂ ನೆನಪಿದೆ.

3/9

ಕರಾವಳಿಯ ಚಳಿಗಾಲ ಅಂದ್ರೆ ನಮ್ಮ ಬೆಂಗಳೂರಿನ ಚಳಿ ಅಲ್ಲ. ಬೆಳಗಿನ ಜಾವ ಘಟ್ಟದ ಕಡೆಯಿಂದ ಸಮುದ್ರದ ಕಡೆಗೆ ತಣ್ಣನೆ ಗಾಳಿ ಬೀಸುತ್ತೆ, ಹೊದಿಕೆ ಎಳ್ಕೋಬೇಕು ಅನ್ನಿಸುತ್ತೆ. ಹತ್ತು ಗಂಟೆಗೆ ಬೆವರು. ಮಧ್ಯಾಹ್ನದಿಂದ ಗಾಳಿ ತಿರುಗಿ ಸಮುದ್ರದಿಂದ ಮನೆ ಕಡೆಗೆ.

ದೊಡ್ಡಮ್ಮನ ಹಿತ್ತಲು ಮನೆಯ ಹಿಂದೆ, ಅಂದ್ರೆ ಸಮುದ್ರಕ್ಕೆ ಬೆನ್ನು ಹಾಕಿ ಇದೆ. ಡಿಸೆಂಬರ್‌ನಲ್ಲಿ ಅಲ್ಲಿ ಏನೇನಿತ್ತು ಅಂತ ಮಗಳು ಪಟ್ಟಿ ಮಾಡಿದ್ಲು, ಫೋಟೋ 4. ಬೇಲಿ ತುಂಬ ಲಕ್ಕಿ ಗಿಡ. ಅದರ ಸೊಪ್ಪು ಸಂಜೆ ಕೆಂಡದ ಮೇಲೆ ಹಾಕಿದ್ರೆ ಸೊಳ್ಳೆ ಹತ್ತಿರ ಬರಲ್ಲ. ಲಕ್ಕಿ ಪಕ್ಕ ಗೋರಟೆ, ಮೈತುಂಬ ಹೂ. ಬಾವಿಕಟ್ಟೆಯ ನೀರು ಹರಿಯೋ ಕಡೆ ಒಂದೆಲಗ. ಮೂಲೇಲಿ ಮುರುಗಲು ಮರ, ಹಣ್ಣಿಗೆ ಇನ್ನೂ ಬೇಸಿಗೆ ಬರ್ಬೇಕು. ಆದ್ರೆ ಹೋದ ವರ್ಷದ ಬೀಜದಿಂದ ತೆಗೆದ ಮುರುಗಲ ತುಪ್ಪದ ಉಂಡೆ ಅಡಿಗೆಮನೆ ಡಬ್ಬಿಯಲ್ಲಿ ಇತ್ತು. ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೇದು ಇಲ್ಲ. ದಿನಾ ರಾತ್ರಿ ಅಮ್ಮ ಮತ್ತು ದೊಡ್ಡಮ್ಮ ಎದುರುಬದುರು ಕೂತು ಹಿಮ್ಮಡಿಗೆ ತುಪ್ಪ ಉಜ್ಜಿಕೊಳ್ತಾ ಊರ ಸುದ್ದಿ ಮಾತಾಡೋದು.

ಬಾವಿಯ ಹತ್ತಿರ ದೊಡ್ಡ ಸುರಹೊನ್ನೆ ಮರ. ಬಿಳಿ ಹೂವು, ನಡುವೆ ಹಳದಿ ಕೇಸರ. ಮೊದಲೆಲ್ಲ ಅದರ ಬೀಜದ ಎಣ್ಣೆಯಲ್ಲೇ ದೀಪ ಉರೀತಿತ್ತು. ಹಣ್ಣು ಬಾವಲಿಗಳಿಗೆ ಇಷ್ಟ, ಅವು ತಿಂದು ಬೀಳಿಸಿದ ಬೀಜವನ್ನ ದೊಡ್ಡಪ್ಪ ಬೆಳಿಗ್ಗೆ ಬುಟ್ಟಿಯಲ್ಲಿ ಆರಿಸ್ತಿದ್ರು.

ದೊಡ್ಡಪ್ಪ ಪ್ರಾಥಮಿಕ ಶಾಲೆ ಮಾಸ್ತರರು. ಹಿತ್ತಲು ದೊಡ್ಡಮ್ಮನದ್ದು, ಮನೆ ಮುಂದಿನ ಮರಳು ದೊಡ್ಡಪ್ಪನದ್ದು ಅಂತ ಅವರಿಬ್ಬರ ನಡುವೆ ಒಂದು ಹಂಚಿಕೆ ಇತ್ತು. ನಾನು ಕೈ ಹಾಕಿದ್ದು ದೊಡ್ಡಪ್ಪನ ಪಾಲಿಗೆ.

4/9

2019. ಅಣ್ಣ, ಅಂದ್ರೆ ದೊಡ್ಡಮ್ಮನ ಮಗ, ಊರಿಗೆ ವಾಪಸ್ ಬಂದಿದ್ದ. ಮುಂದಿನ ಎರಡು ಕೋಣೆಯನ್ನ ಹೋಮ್‌ಸ್ಟೇ ಮಾಡೋದು ಅಂತ ನಿರ್ಧಾರ ಆಗಿತ್ತು. ಸಾಲ ಇತ್ತು, ದೊಡ್ಡಪ್ಪನ ಹೃದಯದ ಆಪರೇಷನ್ ಬೇರೆ. ದುಡ್ಡು ಬೇಕಿತ್ತು, ಅದರಲ್ಲಿ ಯಾರ ತಪ್ಪೂ ಇಲ್ಲ. ನಾನು ಡಿಸೈನ್ ಕೆಲಸದವಳು, 'ಫೋಟೋ, ಪೇಜು ಎಲ್ಲ ನಾನು ನೋಡ್ಕೊಳ್ತೀನಿ' ಅಂದೆ.

ಆಗ ಮನೆ ಮುಂದೆ ಹೇಗಿತ್ತು ಅಂದ್ರೆ: ಅಂಗಳ ಮುಗಿದ ಮೇಲೆ ಮರಳಿನ ಸಣ್ಣ ದಿಬ್ಬ, ಅದರ ಮೇಲೆಲ್ಲ ಹಸಿರು ಬಳ್ಳಿ. ಉಡುಪಿ, ಕುಂದಾಪುರದ ಕಡೆ ಅಡುಂಬು ಬಳ್ಳಿ ಅಂತಾರೆ. ನಮ್ಮನೇಲಿ ಎಲ್ರೂ ಬರೀ 'ಬಳ್ಳಿ' ಅಂತಿದ್ರು. ಎಲೆ ಮೇಕೆಯ ಗೊರಸಿನ ಹಾಗೆ ನಡುವೆ ಸೀಳಿರುತ್ತೆ. ತಿಳಿ ನೇರಳೆ ಹೂವು, ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತೆ. ಅದರ ಮುಂದೆ, ನೀರಿಗೆ ಇನ್ನೂ ಹತ್ತಿರ, ರಾವಣನ ಮೀಸೆ. ಚುಚ್ಚೋ ಹುಲ್ಲು. ಅದರ ಮುಳ್ಳಿನ ಚೆಂಡಿನಂಥ ತೆನೆ ಗಾಳಿಗೆ ಮರಳಿನ ಮೇಲೆ ಉರುಳಿಕೊಂಡು ಹೋಗುತ್ತೆ. ಚಿಕ್ಕವರಿದ್ದಾಗ ನಾವು ಅದರ ಹಿಂದೆ ಓಡಿ ರೇಸ್ ಆಡ್ತಿದ್ವಿ.

ಕ್ಯಾಮೆರಾದಲ್ಲಿ ನೋಡಿದಾಗ ಅದು ಕಸ ಅನ್ನಿಸ್ತು. ವರಾಂಡದಲ್ಲಿ ಕೂತ್ರೆ ನೀರೇ ಕಾಣಲ್ಲ, ದಿಬ್ಬ ಅಡ್ಡ. 'ಇದನ್ನ ಕ್ಲೀನ್ ಮಾಡಿಸಿದ್ರೆ ನೇರ ಸೀ ವ್ಯೂ' ಅಂತ ಹೇಳಿದವಳು ನಾನೇ. ಅಣ್ಣ ಸ್ವಲ್ಪ ಹಿಂದೆ ಮುಂದೆ ನೋಡಿದ. 'ಅಪ್ಪ ಬರ್ಲಿ' ಅಂದ. ದೊಡ್ಡಪ್ಪ ಆಗ ಮಂಗಳೂರಿನ ಆಸ್ಪತ್ರೆಯಲ್ಲಿದ್ರು. 'ಬಂದಾಗ ಸರ್‌ಪ್ರೈಸ್ ಆಗಿರ್ಲಿ' ಅಂದೆ.

ಇಬ್ಬರು ಆಳು, ಒಂದು ದಿನದ ಕೆಲಸ. ಬಳ್ಳಿ ಎಳೆದು ಗುಡ್ಡೆ ಹಾಕಿ ಸುಟ್ವಿ. ದಿಬ್ಬ ಸಮ ಮಾಡಿದ್ವಿ. ಅಂಗಳಕ್ಕೆ ಕಾರ್ಪೆಟ್ ಹುಲ್ಲು, ಬದಿಗೆ ನರ್ಸರಿಯಿಂದ ತಂದ ಪಾಮ್, ಬೋಗನ್‌ವಿಲ್ಲಾ. ಸಂಜೆ ಬೆಳಕಲ್ಲಿ ಆ ಫೋಟೋ ತೆಗೆದೆ.

5/9

ದೊಡ್ಡಪ್ಪ ವಾಪಸ್ ಬಂದಾಗ ನಾನು ಅಲ್ಲೇ ಇದ್ದೆ. ಕಾರಿಂದ ಇಳಿದು ಕೋಲು ಊರಿಕೊಂಡು ಅಂಗಳದ ತುದಿವರೆಗೆ ನಡೆದ್ರು. ತುಂಬಾ ಹೊತ್ತು ನಿಂತ್ರು. ಆಮೇಲೆ ತಿರುಗಿ ನೋಡದೆ, 'ಮರಳು ಇನ್ನು ಮನೆಗೇ ಬರ್ತದೆ' ಅಂದ್ರು. ಅಷ್ಟೇ. ಬೈಗುಳ ಇಲ್ಲ, ಯಾರು ಮಾಡಿದ್ದು ಅಂತ ಕೇಳಲೂ ಇಲ್ಲ.

ಮರಳು ಬಂತು. ಮಾರ್ಚ್‌ ಹೊತ್ತಿಗೆ ಮಧ್ಯಾಹ್ನದ ಗಾಳಿಗೆ ವರಾಂಡ, ಕಿಟಕಿ ಸಂದು, ಗೆಸ್ಟ್ ರೂಮಿನ ಹಾಸಿಗೆ ಎಲ್ಲ ಕಡೆ ಮರಳು. ಕಾರ್ಪೆಟ್ ಹುಲ್ಲು ಉಪ್ಪು ಗಾಳಿಗೆ ಒಣಗಿ ಹೋಯ್ತು. ಅದಕ್ಕೆ ಬಾವಿಯ ಸಿಹಿನೀರು ದಿನಾ ಸುರೀತಿದ್ವಿ ಅನ್ನೋದು ಬೇರೆ.

ಆಮೇಲೆ ನಾನು ಓದಿ ತಿಳ್ಕೊಂಡದ್ದು ಇಷ್ಟು. ಆ ಬಳ್ಳಿ ಪ್ರತಿ ಗೆಣ್ಣಿನಲ್ಲೂ ಬೇರು ಬಿಡುತ್ತೆ. ಗಾಳಿಯಲ್ಲಿ ಬಂದ ಮರಳು ಎಲೆಗೆ, ಕಾಂಡಕ್ಕೆ ತಾಗಿ ಅಲ್ಲೇ ಬೀಳುತ್ತೆ. ಬಳ್ಳಿ ಆ ಮರಳಿನ ಮೇಲೆ ಮತ್ತೆ ಏರುತ್ತೆ. ಹೀಗೇ ದಿಬ್ಬ ಆಗೋದು. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನ ಎಳ್ಕೊಂಡು ಹೋಗ್ತವೆ, ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಸ್ವಲ್ಪ ಸ್ವಲ್ಪವೇ ವಾಪಸ್ ತಂದು ಹಾಕ್ತವೆ. ದಿಬ್ಬ ಅನ್ನೋದು ಈ ಲೆಕ್ಕದಲ್ಲಿ ಉಳಿತಾಯ ಖಾತೆ ಇದ್ದ ಹಾಗೆ. ನಾವು ಒಂದೇ ದಿನದಲ್ಲಿ ಖಾತೆ ಖಾಲಿ ಮಾಡಿದ್ವಿ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಎಡಗಡೆಯ ತೆಂಗಿನ ಮರ ಅವತ್ತು ರಾತ್ರಿ ಬಿತ್ತು. ಬಳ್ಳಿ ಇದ್ದಿದ್ರೆ ಮರ ಉಳೀತಿತ್ತು ಅಂತ ಖಂಡಿತ ಹೇಳಕ್ಕಾಗಲ್ಲ. ಅಷ್ಟು ದೊಡ್ಡ ಅಲೆಗೆ ಬಳ್ಳಿಯೂ ಹೋಗುತ್ತೆ. ಆದ್ರೆ ಅಲೆ ಮೊದಲು ದಿಬ್ಬವನ್ನ ತಿನ್ನಬೇಕಿತ್ತು. ನಮ್ಮಲ್ಲಿ ನೇರ ಮರದ ಬುಡಕ್ಕೇ ಬಂತು.

ಅದೇ ವರ್ಷದ ಕೊನೆಗೆ ದೊಡ್ಡಪ್ಪ ತೀರಿಕೊಂಡ್ರು. ಹನ್ನೆರಡನೇ ದಿನಕ್ಕೆ ಹೋದಾಗ ನಾನು ಮನೆ ಮುಂಭಾಗಕ್ಕೆ ಕಾಲಿಡಲಿಲ್ಲ, ಹಿತ್ತಲ ಬಾಗಿಲಲ್ಲೇ ಓಡಾಡಿದೆ. ಯಾರೂ ಗಮನಿಸಿಲ್ಲ ಅಂದುಕೊಂಡಿದ್ದೆ.

6/9

ಈ ಡಿಸೆಂಬರ್‌ಗೆ ಬರೋಣ. ಮೂರನೇ ದಿನ ಎಲ್ಲರೂ ಹೊನ್ನಾವರದ ಕಾಂಡ್ಲಾ ಕಾಡಿಗೆ ಹೋದ್ವಿ. ಶರಾವತಿ ಸಮುದ್ರ ಸೇರೋ ಕಡೆಯ ಉಪ್ಪುನೀರಲ್ಲಿ ಅರಣ್ಯ ಇಲಾಖೆಯವರು ಮರದ ಹಲಗೆಯ ಕಾಲ್ದಾರಿ ಮಾಡಿದಾರೆ. ಎರಡೂ ಬದಿಗೆ ಕಾಂಡ್ಲಾ, ತಲೆ ಮೇಲೆ ಹಸಿರು ಚಾವಣಿ. ಮಕ್ಕಳನ್ನ ಕರ್ಕೊಂಡು ಹೋಗಿ, ಇಳಿತದ ಹೊತ್ತಲ್ಲಿ ಹೋದ್ರೆ ಬೇರು ಚೆನ್ನಾಗಿ ಕಾಣುತ್ತೆ.

ಮಗಳಿಗೆ ಅಲ್ಲಿ ಕಣ್ಣು ತುಂಬಲಿಲ್ಲ. ಕೆಲವು ಮರ ಊರುಗೋಲು ಇಟ್ಟ ಹಾಗೆ ಬೇರು ಇಳಿಸಿವೆ. ಕೆಲವದ್ರ ಬೇರು ಕೆಸರಿಂದ ಮೇಲಕ್ಕೆ ಪೆನ್ಸಿಲ್ ಥರ ಎದ್ದಿವೆ, ಉಸಿರಾಡೋಕೆ. ಕಾಂಡ್ಲಾದ ಬೀಜ ಮರದಲ್ಲಿ ಇರುವಾಗಲೇ ಮೊಳಕೆ ಒಡೆದು ಉದ್ದಕ್ಕೆ ನೇತಾಡ್ತಾ ಇರುತ್ತೆ. ತಾಯಿ ಬಿಟ್ಟ ಮೇಲೆ ಕೆಸರಿಗೆ ಬಿದ್ದು ಅಲ್ಲೇ ಊರಬಹುದು, ಇಲ್ಲ ನೀರಲ್ಲಿ ತೇಲಿ ಬೇರೆ ಕಡೆ ಹೋಗಬಹುದು. ಫೋಟೋ 6ರಲ್ಲಿ ಅವಳು ಬೆರಳು ತೋರಿಸ್ತಿರೋದು ಅದನ್ನೇ.

ದೊಡ್ಡಮ್ಮ ಅವಳಿಗೆ ಹೇಳ್ತಿದ್ಲು, 'ಕಾಂಡ್ಲಾ ಇದ್ದಲ್ಲಿ ನೀರು ದಡ ಕೊರೆಯೂದು ಕಡಿಮೆ. ಬೇರು ಹಿಡ್ಕೊಳ್ತದೆ.'

ಮಗಳು ಸುಮ್ಮನೆ ಕೇಳಿದ್ಲು: 'ಹಾಗಾದ್ರೆ ನಿಮ್ಮ ಮನೆ ಮುಂದೆ ಯಾಕೆ ಏನೂ ಇಲ್ಲ ಅಜ್ಜಿ? ಅಲ್ಲಿ ಯಾರು ಹಿಡ್ಕೊಳ್ತಾರೆ?'

ಅಣ್ಣ ನನ್ನ ಮುಖ ನೋಡಿದ. ನಾನು ಹಲಗೆ ಮಧ್ಯದ ಸಂದಿಯಿಂದ ಕೆಳಗಿನ ಏಡಿ ನೋಡ್ತಾ ನಿಂತೆ. ದೊಡ್ಡಮ್ಮ, 'ನಡಿ, ಬಿಸಿಲಾಯ್ತು' ಅಂದ್ಲು.

7/9

ಅವತ್ತು ರಾತ್ರಿ ಊಟಕ್ಕೆ ಬಂಗಡೆ ಸಾರು, ಕೆಂಪಕ್ಕಿ ಅನ್ನ, ಒಂದೆಲಗದ ಚಟ್ನಿ. ಎಲ್ರೂ ಮಲಗಿದ ಮೇಲೆ ದೊಡ್ಡಮ್ಮ ಒಬ್ಬಳೇ ಅಡಿಗೆಮನೇಲಿ ಹಿಮ್ಮಡಿಗೆ ತುಪ್ಪ ಹಚ್ಚಿಕೊಳ್ತಾ ಕೂತಿದ್ಲು. ನಾನು ಹೋಗಿ ಎದುರಿಗೆ ಕೂತೆ.

ಹೇಗೆ ಶುರು ಮಾಡಿದೆ ಅಂತ ನೆನಪಿಲ್ಲ. 'ಬಳ್ಳಿ ಕೀಳಿಸಿದ್ದು ನಾನು, ಅಣ್ಣ ಬೇಡ ಅಂದಿದ್ದ' ಅಂದೆ. ದೊಡ್ಡಪ್ಪನ ಹತ್ತಿರ ಹೇಳ್ಬೇಕು ಅಂತಿದ್ದೆ, ಹೇಳದೇ ಹೋದೆ ಅಂದೆ. ಅಳು ಬಂತು. ನಲವತ್ತೊಂದು ವರ್ಷದವಳು, ಅಡಿಗೆಮನೆ ನೆಲದ ಮೇಲೆ ಕೂತು.

ದೊಡ್ಡಮ್ಮ ಕೈ ಒರೆಸಿಕೊಂಡ್ಲು. 'ಅವರಿಗೆ ಗೊತ್ತಿತ್ತು' ಅಂದ್ಲು. 'ನಿನ್ನ ಫೋಟೋ ಅವರ ಮೊಬೈಲಿಗೂ ಬಂದಿತ್ತಲ್ಲ. ಚಂದ ತೆಗೆದಿದೆ ಹುಡುಗಿ ಅಂದ್ರು.'

ಅದು ಕೇಳಿ ನನಗೆ ಇನ್ನೂ ಕಷ್ಟ ಆಯ್ತು.

ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದ್ಲು. 2020ರ ಮಳೆ ಶುರುವಾದಾಗ ದೊಡ್ಡಪ್ಪ ಮನೆಯಿಂದ ಬಡಗಲಿಗೆ, ದೋಣಿ ಎಳೆದಿಡೋ ಜಾಗದ ಹತ್ತಿರ, ದಿನಾ ಬೆಳಿಗ್ಗೆ ಕೋಲು ಹಿಡ್ಕೊಂಡು ಹೋಗ್ತಿದ್ರಂತೆ. ಪಕ್ಕದ ದಂಡೆಯಿಂದ ಬಳ್ಳಿಯ ತುಂಡು ತಂದು ನೆಡ್ತಿದ್ರಂತೆ. ಡಾಕ್ಟರು ಬಗ್ಗಬೇಡಿ ಅಂದಿದ್ರು. ಕೋಲಿಂದ ತೂತು ಮಾಡಿ, ತುಂಡು ಇಳಿಸಿ, ಕಾಲಲ್ಲಿ ಮರಳು ತಳ್ಳೋದು.

'ಮನೆ ಮುಂದೆ ಯಾಕೆ ನೆಡಲಿಲ್ಲ?'

'ಮಗನ ಗಿರಾಕಿಗೆ ಸಮುದ್ರ ಕಾಣ್ಬೇಕಲ್ಲ. ಅವನ ಹೊಟ್ಟೆಪಾಡು. ಅಲ್ಲಿ ನೆಟ್ರೆ ಇಲ್ಲಿಗೂ ತಾನೇ ಬರ್ತದೆ, ನಿಧಾನಕ್ಕೆ ಅಂದ್ರು.'

'ನೀನ್ಯಾಕೆ ನನಗೆ ಇಷ್ಟು ದಿನ ಹೇಳಲಿಲ್ಲ?'

'ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದ ಹೋದ್ರೆ ಮುಂದೆ ಎಂತ ಬೆಳೆದದೆ ಅಂತ ಹೇಗೆ ಗೊತ್ತಾಗೂದು?'

8/9

ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿದೆ. ಫೋಟೋ 8.

ಬಡಗಲ ಮೂಲೆಯಲ್ಲಿ ಬಳ್ಳಿ ದೊಡ್ಡ ಚಾಪೆ ಹಾಸಿದ ಹಾಗೆ ಹಬ್ಬಿದೆ. ಮಗಳ ಸೊಂಟದಷ್ಟು ಎತ್ತರದ ದಿಬ್ಬ. ನೇರಳೆ ಹೂವು ಆಗಷ್ಟೇ ಬಿಚ್ಕೊಳ್ತಿದ್ದವು. ರಾವಣನ ಮೀಸೆ ಯಾರೂ ನೆಟ್ಟಿರಲಿಲ್ಲ, ತಾನೇ ಉರುಳಿ ಬಂದು ಸೇರ್ಕೊಂಡಿದೆ. ಬಳ್ಳಿಯ ಒಂದು ಕೈ ನಮ್ಮ ಮನೆ ಕಡೆಗೆ ಬಂದು, ಸುಮಾರು ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು.

ಅಣ್ಣನ ಹತ್ತಿರ ಮಾತಾಡೋದು ಸುಲಭ ಇರಲಿಲ್ಲ. ಅವನು ಹೇಳಿದ್ದರಲ್ಲಿ ನ್ಯಾಯ ಇತ್ತು: 'ನಿಂಗೆ ಫೋಟೋ, ನಂಗೆ ಬುಕಿಂಗ್. ಆಗ ಕೀಳು ಅಂದೆ, ಈಗ ನೆಡು ಅಂತೆ.' ಅಮ್ಮ ನಡುವೆ ಬಂದು, 'ವರಾಂಡದಲ್ಲಿ ಕೂತೇ ಸಮುದ್ರ ನೋಡ್ಬೇಕಾ? ಇಪ್ಪತ್ತು ಹೆಜ್ಜೆ ನಡೆಯೂಕೆ ಎಂತ ಧಾಡಿ?' ಅಂದಾಗ ಎಲ್ರೂ ನಕ್ಕರು. ಕೊನೆಗೆ ಒಪ್ಪಂದ ಆಯ್ತು. ಒಂದು ಮೂರಡಿ ಕಾಲ್ದಾರಿ ಇರುತ್ತೆ, ಅದೂ ನೇರ ಅಲ್ಲ, ಓರೆಯಾಗಿ. ನೇರ ದಾರಿ ಬಿಟ್ರೆ ಗಾಳಿ ಅದೇ ದಾರೀಲಿ ಮರಳು ಹೊತ್ತು ತರುತ್ತೆ. ಉಳಿದದ್ದೆಲ್ಲ ಬಳ್ಳಿಗೆ.

ಎರಡು ದಿನ ನೆಟ್ವಿ. ನೆಡೋಕೆ ಮಳೆಗಾಲವೇ ಒಳ್ಳೇದು, ಆದ್ರೆ ರಜೆ ಈಗ ಇತ್ತು. ಕ್ರಮ ಸುಲಭ. ದಟ್ಟ ಇರೋ ಕಡೆಯಿಂದ ತೋಳುದ್ದದ ತುಂಡು ಕತ್ತರಿಸೋದು, ಬೇರು ಸಮೇತ ಕೀಳಬಾರದು. ಮೂರು ನಾಲ್ಕು ಗೆಣ್ಣು ಒದ್ದೆ ಮರಳಲ್ಲಿ ಹೂತು, ತುದಿ ಮಾತ್ರ ಹೊರಗೆ ಬಿಡೋದು. ಬೇರು ಹಿಡಿಯೋವರೆಗೆ ದಿನಾ ಸಂಜೆ ನೀರು. ಗಂಡ ಮತ್ತು ಅಣ್ಣ ಗುಂಡಿ ತೋಡಿದ್ರು. ಅಮ್ಮ, ದೊಡ್ಡಮ್ಮ ಪಾತ್ರೆ ತೊಳೆದ ಮೇಲೆ ಉಳಿದ ಬಾವಿನೀರು ತಂದು ಹಾಕಿದ್ರು. ಮಗಳು ದೊಡ್ಡಪ್ಪನ ಕೋಲು ಹಿಡ್ಕೊಂಡು ತೂತು ಮಾಡಿದ್ಲು. ಆ ಕೋಲು ಯಾರು ಕೊಟ್ರು ಅಂತ ನಾನು ಕೇಳಲಿಲ್ಲ.

ಪಾಮ್ ಗಿಡ ಮತ್ತು ಬೋಗನ್‌ವಿಲ್ಲಾ ಕೀಳೋಣ್ವಾ ಅಂದೆ. ದೊಡ್ಡಮ್ಮ ಬೇಡ ಅಂದ್ಲು. 'ಗೇರು ಮರನೂ ಪೋರ್ಚುಗೀಸರು ತಂದದ್ದೇ ಅಲ್ವಾ? ದಂಡೆಯ ಮೇಲಿನ ಗಾಳಿ ಮರ ಬ್ರಿಟಿಷರ ಕಾಲದ್ದು. ಬಂದದ್ದು ಇರ್ಲಿ. ಮೊದಲೇ ಇದ್ದದ್ದಕ್ಕೆ ಜಾಗ ಬಿಟ್ಟರೆ ಸಾಕು.'

9/9

ಹೊರಡೋ ದಿನ ಮುಂಬಾಗಿಲಿಂದಲೇ ಹೊರಟೆ. ಚಪ್ಪಲಿ ಕೈಲಿ ಹಿಡ್ಕೊಂಡು ಒಂದು ಸುತ್ತು ಹಾಕಿ ಬಂದೆ. ನೆಟ್ಟ ತುಂಡುಗಳಲ್ಲಿ ಅರ್ಧದಷ್ಟು ಎಲೆ ಬಾಡಿತ್ತು. ಕೆಲವು ತುದಿ ಎತ್ತಿದ್ದವು. ಮೊನ್ನೆ ಅಣ್ಣ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ, ಎರಡು ಹೊಸ ಎಲೆ. ಮೇಕೆ ಗೊರಸಿನ ಆಕಾರ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಕೆಳಗೆ ಏನೂ ಬರೆದಿರಲಿಲ್ಲ. ಕೊನೆಯ ಫೋಟೋ ಅದೇ, ಅವನ ಒಪ್ಪಿಗೆ ತಗೊಂಡು ಹಾಕಿದೀನಿ.

ಮುಂದಿನ ಮಳೆಗಾಲಕ್ಕೆ ಎಷ್ಟು ಉಳಿಯುತ್ತೋ ನೋಡ್ಬೇಕು. ಜೂನ್‌ನಲ್ಲಿ ಅಲೆ ಬಂದಾಗ ಹೊಸ ಬಳ್ಳಿ ಪೂರ್ತಿ ಹೋದ್ರೂ ಹೋಗಬಹುದು. ಹೋದ್ರೆ ಬಡಗಲ ಮೂಲೆಯಲ್ಲಿ ದೊಡ್ಡಪ್ಪನ ಬಳ್ಳಿ ಇದೆ. ಅಲ್ಲಿಂದ ಮತ್ತೆ ತುಂಡು ತಂದು ನೆಡ್ತೀವಿ. ಈ ಸಲ ಮಳೆ ಶುರುವಿಗೇ ಹೋಗೋದು ಅಂತ ರಜೆ ಅರ್ಜಿ ಹಾಕಿದೀನಿ.

ಲೊಕೇಶನ್ ಯಾಕೆ ಹಾಕಲ್ಲ ಅಂದ್ರೆ, ದಂಡೆಯಲ್ಲಿ ಈಗ ನೆಟ್ಟ ಗಿಡದ ಮೇಲೆ ಕಾಲಿಡದೆ ನಡೆಯೋದು ಹೊಸಬರಿಗೆ ಕಷ್ಟ. ಎರಡು ಮಳೆಗಾಲ ಕಳೀಲಿ. ಆಮೇಲೆ ಅಣ್ಣನೇ ಪೇಜಿನಲ್ಲಿ ಹಾಕ್ತಾನೆ, 'ಸಮುದ್ರಕ್ಕೆ ಇಪ್ಪತ್ತು ಹೆಜ್ಜೆ' ಅಂತ. ಹೆಸರು ಅಮ್ಮ ಇಟ್ಟದ್ದು.

ನೀವು ಈ ಚಳಿಗಾಲ ಕಾರವಾರ, ಗೋಕರ್ಣ, ಮರವಂತೆ, ಎಲ್ಲಿಗೇ ಹೋದ್ರೂ ದಂಡೆಯ ಮೇಲೆ ಆ ಬಳ್ಳಿ ಇದ್ಯಾ ಅಂತ ಒಮ್ಮೆ ನೋಡಿ. ಬೆಳಿಗ್ಗೆ ಬೇಗ ಹೋಗಿ, ಹೂ ಅರಳಿರುತ್ತೆ. ಕಾರು ಅದರ ಮೇಲೆ ಹತ್ತಿಸಬೇಡಿ. ನಿಮ್ಮ ಊರಲ್ಲಿ ಅದಕ್ಕೆ ಏನಂತಾರೆ ಅಂತ ಕೆಳಗೆ ಬರೀರಿ. ದೊಡ್ಡಮ್ಮಂಗೆ ಓದಿ ಹೇಳ್ತೀನಿ.

ಹಳೇ ಫೋಟೋ ಡಿಲೀಟ್ ಮಾಡ್ಬೇಕು ಅಂತಿದ್ದೆ. ಮಾಡಲಿಲ್ಲ. ದೊಡ್ಡಪ್ಪ ಚಂದ ಇದೆ ಅಂದಿದ್ರಲ್ಲ. ಅದರ ಕ್ಯಾಪ್ಷನ್ ಮಾತ್ರ ಬದಲಾಯಿಸಿದೀನಿ: 'ಬಳ್ಳಿ ಕಿತ್ತ ಜಾಗ, 2019. ಕಿತ್ತದ್ದು ನಾನು.'

#ಕರಾವಳಿ #ಚಳಿಗಾಲ #ಹಿತ್ತಲು #ಅಡುಂಬುಬಳ್ಳಿ #ದೊಡ್ಡಮ್ಮನಮನೆ